ಹೊಟ್ಟೆಯೊಳಗಿನ ಗಡ್ಡೆಯೆಲ್ಲ ಕ್ಯಾನ್ಸರ್ ಅಲ್ಲ

‘ಹೊಟ್ಟೆಯಲ್ಲಿ ಗಡ್ಡೆ ಇದೆ’ ಎಂದು ಸ್ಕ್ಯಾನಿಂಗ್ ವರದಿ ಹೇಳಿದೊಡನೆ ಮನೆಮಂದಿಯ ಮುಖದ ಕಳೆ ಇಳಿದುಹೋಗುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ನಮ್ಮ ಊರುಗಳಲ್ಲಿ ಕ್ಯಾನ್ಸರ್ ಎಂಬ ಹೆಸರನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ‘ದೊಡ್ಡ ಬ್ಯಾನಿ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಆಮೇಲೆ ಮನೆಯವರು ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಕೆಲವರು ಹೊಲ ಒತ್ತೆ ಇಟ್ಟು ಸೊಲ್ಲಾಪುರ, ಮಿರಜ, ಹುಬ್ಬಳ್ಳಿ, ಬೆಂಗಳೂರು ಎಂದು ಅಲೆಯುತ್ತಾರೆ. ಇನ್ನು ಕೆಲವರು, ‘ಇನ್ನೇನು ಉಪಯೋಗ ಇಲ್ಲರಿ, ಮನೀಗೆ ಕರ್ಕೊಂಡು ಹೋಗ್ತೀವಿ’ ಎಂದು ರೋಗಿಯನ್ನು ತಂದು ಪಡಸಾಲೆಯಲ್ಲಿ ಮಲಗಿಸಿಬಿಡುತ್ತಾರೆ.

ಹೀಗೆ ಕೈಚೆಲ್ಲಿ ಮಲಗಿಸಿದ ರೋಗಿಗೆ ಇರುವುದು ಕ್ಯಾನ್ಸರೇ ಅಲ್ಲದಿರಬಹುದು. ಗುಳಿಗೆ, ಇಂಜೆಕ್ಷನ್‌ಗಳಿಂದ ವಾಸಿಯಾಗುವ ಒಂದು ಸೋಂಕು ಆಗಿರಬಹುದು. ಹೊಟ್ಟೆಯೊಳಗೆ ಗಡ್ಡೆಯ ವೇಷ ಹಾಕಿಕೊಂಡು ಕೂರುವ ಕೆಲವು ಬ್ಯಾಕ್ಟೀರಿಯಾಗಳಿವೆ. ನುರಿತ ಶಸ್ತ್ರವೈದ್ಯರನ್ನೂ ಅವು ಗೊಂದಲಕ್ಕೆ ಕೆಡವುತ್ತವೆ. ಈ ವಾರ ಅಂಥ ಮೂರು ಸೋಂಕುಗಳನ್ನು ಪರಿಚಯ ಮಾಡಿಕೊಳ್ಳೋಣ. ಒಂದು ನಮ್ಮಲ್ಲಿ ಆಗಾಗ ಕಾಣುವಂಥದು, ಇನ್ನೆರಡು ವಿರಳ. ಮೂರಕ್ಕೂ ಪಾಠ ಒಂದೇ: ಗಡ್ಡೆಯ ಒಂದು ತುಣುಕನ್ನು ಪರೀಕ್ಷೆ ಮಾಡಿಸದೆ ಅದಕ್ಕೆ ಹೆಸರಿಡಬಾರದು.

ಗಡ್ಡೆ ಎಂಬುದು ರೋಗದ ಹೆಸರಲ್ಲ

ಜ್ವರ ಹೇಗೆ ಒಂದು ಲಕ್ಷಣವೋ ಗಡ್ಡೆಯೂ ಹಾಗೆಯೇ ಒಂದು ಲಕ್ಷಣ. ಜ್ವರಕ್ಕೆ ನೂರು ಕಾರಣಗಳಿರುವಂತೆ ಗಡ್ಡೆಗೂ ಹಲವು ಕಾರಣಗಳಿವೆ. ಸ್ಕ್ಯಾನಿಂಗ್ ಯಂತ್ರ ನಮಗೆ ತೋರಿಸುವುದು ಒಂದು ನೆರಳನ್ನು ಮಾತ್ರ. ಅದು ಎಷ್ಟು ದೊಡ್ಡದು, ಎಲ್ಲಿದೆ, ಒಳಗೆ ನೀರಿದೆಯೋ ಗಟ್ಟಿಯಾಗಿದೆಯೋ ಎಂಬುದನ್ನು ಹೇಳಬಲ್ಲದು. ಅದು ಏನು ಎಂಬುದನ್ನು ಎಷ್ಟೋ ಸಲ ಹೇಳಲಾರದು. ದೂರದಿಂದ ಬಣವಿ ಕಂಡರೆ ಅದು ಜೋಳದ ಕಣಿಕೆಯದೋ ತೊಗರಿ ಹೊಟ್ಟಿನದೋ ತಿಳಿಯುವುದಿಲ್ಲ. ಹತ್ತಿರ ಹೋಗಿ ಒಂದು ಹಿಡಿ ತೆಗೆದು ನೋಡಬೇಕು. ಗಡ್ಡೆಯ ವಿಷಯವೂ ಹೀಗೆಯೇ.

ಸೋಂಕು ಗಡ್ಡೆಯಾಗುವುದು ಹೇಗೆ ಎಂದು ನೀವು ಕೇಳಬಹುದು. ಕಾಲಿಗೆ ಜಾಲಿಮುಳ್ಳು ಚುಚ್ಚಿ ತುದಿ ಒಳಗೇ ಮುರಿದುಕೊಂಡರೆ ಕೆಲವು ದಿನಗಳಲ್ಲಿ ಅದರ ಸುತ್ತ ಗಟ್ಟಿ ಗಂಟು ಕಟ್ಟುತ್ತದಲ್ಲವೆ? ಬೇಡವಾದ ವಸ್ತುವಿನ ಸುತ್ತ ದೇಹ ಹಾಕುವ ಬೇಲಿ ಅದು. ಬೇಗ ಬೆಳೆಯುವ ರೋಗಾಣುಗಳು ಒಳಹೊಕ್ಕರೆ ಸಾಮಾನ್ಯವಾಗಿ ನಾಲ್ಕಾರು ದಿನದಲ್ಲಿ ಚಳಿಜ್ವರ ಬಂದು ಕೀವು ತುಂಬುತ್ತದೆ. ರೋಗ ಬೇಗ ಬಯಲಾಗುತ್ತದೆ. ಆದರೆ ಕೆಲವು ಬ್ಯಾಕ್ಟೀರಿಯಾಗಳು ಬಹಳ ನಿಧಾನವಾಗಿ ಬೆಳೆಯುತ್ತವೆ. ದೇಹವೂ ತಿಂಗಳುಗಟ್ಟಲೆ ಅವುಗಳ ಸುತ್ತ ಗೋಡೆ ಕಟ್ಟುತ್ತಲೇ ಇರುತ್ತದೆ. ಕೊನೆಗೆ ಕೈಗೆ ಸಿಗುವುದು ಕಲ್ಲಿನಂಥ ಗಡ್ಡೆ. ರೋಗಿ ಸೊರಗಿರುತ್ತಾನೆ, ಹಸಿವಿರುವುದಿಲ್ಲ, ರಕ್ತ ಕಡಿಮೆಯಾಗಿರುತ್ತದೆ. ಇವೆಲ್ಲ ಕ್ಯಾನ್ಸರಿನ ಲಕ್ಷಣಗಳೂ ಹೌದು.

ಮೊದಲನೆಯದು: ಹೊಟ್ಟೆಯ ಕ್ಷಯ

ಕ್ಷಯ ಎಂದರೆ ಕೆಮ್ಮು, ಕಫ, ಎದೆಯ ಎಕ್ಸ್‌ರೇ ಎಂದೇ ನಮ್ಮ ಜನರ ತಿಳಿವಳಿಕೆ. ಆದರೆ ಕ್ಷಯದ ರೋಗಿಗಳಲ್ಲಿ ಸುಮಾರು ಐದರಲ್ಲೊಂದು ಪಾಲಿನಷ್ಟು ಜನರಿಗೆ ಅದು ಶ್ವಾಸಕೋಶದ ಹೊರಗೆ ಬರುತ್ತದೆ. ಕುತ್ತಿಗೆಯ ಗಂಟು, ಬೆನ್ನೆಲುಬು, ಮಿದುಳಿನ ಪೊರೆ, ಹೊಟ್ಟೆ ಹೀಗೆ ಎಲ್ಲಿ ಬೇಕಾದರೂ ಬರಬಹುದು. ಹೊಟ್ಟೆಯ ಕ್ಷಯ ನಮ್ಮ ದೇಶದಲ್ಲಿ ಅಪರೂಪವೇನಲ್ಲ. ಕೆಮ್ಮು ಇಲ್ಲದ ಕಾರಣ ಅದು ನೆನಪಿಗೆ ಬರುವುದು ಮಾತ್ರ ಅಪರೂಪ.

ಕ್ಷಯದ ರೋಗಾಣು ಹೊಟ್ಟೆಗೆ ಹಲವು ದಾರಿಗಳಿಂದ ಸೇರುತ್ತದೆ. ಶ್ವಾಸಕೋಶದ ಕ್ಷಯ ಇರುವವರು ಕಫ ಉಗುಳದೆ ನುಂಗಿದಾಗ ಅದು ಕರುಳಿಗೆ ಇಳಿಯುತ್ತದೆ. ಹಿಂದೆಂದೋ ಎದೆಯಲ್ಲಿ ಸದ್ದಿಲ್ಲದೆ ಬಂದುಹೋದ ಸೋಂಕು ರಕ್ತದ ಮೂಲಕ ಹರಡಬಹುದು. ರೋಗ ಹಿಡಿದ ಹಸು, ಎಮ್ಮೆಯ ಹಸಿ ಹಾಲಿನಿಂದಲೂ ಬರಬಹುದು. ‘ಕರೆದ ಬಿಸಿ ಹಾಲು ಬಲ ಕೊಡುತ್ತದೆ’ ಎಂದು ಕಾಯಿಸದೆ ಕುಡಿಯುವ ರೂಢಿಯನ್ನು ಬಿಡಬೇಕು. ಹಾಲು ಉಕ್ಕುವಂತೆ ಕಾಯಿಸಿದರೆ ಈ ರೋಗಾಣು ಸಾಯುತ್ತದೆ.

ಇದಕ್ಕೆ ಬಹಳ ಮೆಚ್ಚಿನ ಜಾಗ ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ತಾಣ, ಅಂದರೆ ಹೊಕ್ಕಳಿನ ಬಲಕ್ಕೆ ಕೆಳಗೆ. ಅಲ್ಲಿ ಕರುಳಿನ ಗೋಡೆ ದಪ್ಪವಾಗಿ, ಸುತ್ತಲಿನ ದುಗ್ಧಗ್ರಂಥಿಗಳು ಊದಿ, ಎಲ್ಲ ಸೇರಿ ಒಂದು ಗಡ್ಡೆಯಾಗುತ್ತದೆ. ದೊಡ್ಡ ಕರುಳಿನ ಕ್ಯಾನ್ಸರ್ ಸಹ ಇದೇ ಜಾಗದಲ್ಲಿ ಬರಬಹುದು. ಸಂಜೆಯ ಹೊತ್ತು ಸಣ್ಣಗೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಊಟವಾದ ಮೇಲೆ ಹೊಟ್ಟೆ ಹಿಂಡಿದಂತೆ ನೋವು, ಗುಡುಗುಡು ಸದ್ದಿನೊಡನೆ ಹೊಟ್ಟೆಯಲ್ಲಿ ಚೆಂಡು ಉರುಳಿದ ಅನುಭವ, ಕೆಲವು ದಿನ ಮಲಬದ್ಧತೆ, ಕೆಲವು ದಿನ ಭೇದಿ ಇವು ಇದರ ಸಾಮಾನ್ಯ ಲಕ್ಷಣಗಳು.

ಹೆಣ್ಣುಮಕ್ಕಳಲ್ಲಿ ಇದು ಇನ್ನೊಂದು ವೇಷ ಹಾಕುತ್ತದೆ. ಹೊಟ್ಟೆಯ ಒಳಪೊರೆಗೆ ಕ್ಷಯ ತಗುಲಿದಾಗ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಅಂಡಾಶಯದ ಬಳಿ ಗಡ್ಡೆ ಕಾಣುತ್ತದೆ. ರಕ್ತದಲ್ಲಿ ಸಿಎ-125 ಎಂಬ ಪರೀಕ್ಷೆ ಮಾಡಿಸಿದರೆ 35ರೊಳಗೆ ಇರಬೇಕಾದದ್ದು ನೂರಾರು ಇರುತ್ತದೆ. ಅಂಡಾಶಯದ ಕ್ಯಾನ್ಸರಿನಲ್ಲೂ ಈ ಮೂರೂ ಕಾಣುತ್ತವೆ. ಆದ್ದರಿಂದ ಸಿಎ-125 ಏರಿದೆ ಎಂದ ಮಾತ್ರಕ್ಕೆ ಕ್ಯಾನ್ಸರ್ ಎಂದು ತೀರ್ಮಾನಿಸಬಾರದು. ಹೊಟ್ಟೆಯ ಒಳಪೊರೆಗೆ ಕಿರಿಕಿರಿಯಾಗುವ ಹಲವು ರೋಗಗಳಲ್ಲಿ ಅದು ಏರುತ್ತದೆ. ಹೊಟ್ಟೆಯ ನೀರನ್ನು ಸೂಜಿಯಿಂದ ತೆಗೆದು ಅದರಲ್ಲಿ ಎಡಿಎ ಎಂಬ ಅಂಶವನ್ನು ಅಳೆಯುವ ಪರೀಕ್ಷೆ ಇದೆ. ಅದು ಹೆಚ್ಚಿದ್ದರೆ ಕ್ಷಯದ ಸಂಶಯ ಬಲವಾಗುತ್ತದೆ. ಅದೇ ನೀರಿನಲ್ಲಿ ಕ್ಯಾನ್ಸರ್ ಕಣಗಳಿವೆಯೇ ಎಂದೂ ನೋಡುತ್ತಾರೆ.

ಒಂದು ಮಾತು ನೆನಪಿರಲಿ. ಎದೆಯ ಎಕ್ಸ್‌ರೇ ಚೆನ್ನಾಗಿದೆ ಎಂದರೆ ಹೊಟ್ಟೆಯಲ್ಲಿ ಕ್ಷಯ ಇಲ್ಲ ಎಂದರ್ಥವಲ್ಲ. ಹೊಟ್ಟೆಯ ಕ್ಷಯ ಇರುವ ಅನೇಕರ ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ.

ಎರಡನೆಯದು: ಎತ್ತಿನ ದವಡೆಯಿಂದ ಹೆಸರು ಪಡೆದ ಸೋಂಕು

ಎತ್ತು, ಆಕಳು ಸಾಕಿದ ರೈತರು ಒಂದು ಕಾಯಿಲೆಯನ್ನು ನೋಡಿರಬಹುದು. ದನದ ದವಡೆಯ ಎಲುಬು ನಿಧಾನವಾಗಿ ಉಬ್ಬಿ, ಕಲ್ಲಿನಂತೆ ಗಟ್ಟಿಯಾಗಿ, ಕೊನೆಗೆ ತೂತು ಬಿದ್ದು ಕೀವು ಸೋರತೊಡಗುತ್ತದೆ. ಜರ್ಮನಿಯ ಒಟ್ಟೊ ಬೋಲಿಂಗರ್ 1877ರಲ್ಲಿ ಈ ದವಡೆಯ ಗಡ್ಡೆಯನ್ನು ಪರೀಕ್ಷಿಸಿ ಅದರೊಳಗಿನ ಹಳದಿ ಕಾಳುಗಳನ್ನು ವರ್ಣಿಸಿದರು. ಸೂಕ್ಷ್ಮದರ್ಶಕದಲ್ಲಿ ಆ ಕಾಳು ಸೂರ್ಯನ ಕಿರಣದಂತೆ ಎಳೆಎಳೆಯಾಗಿ ಕಂಡಿತು. ಕಾರ್ಲ್ ಹಾರ್ಜ್ ಎಂಬ ಸಸ್ಯಶಾಸ್ತ್ರಜ್ಞರು ಅದಕ್ಕೆ ‘ಆಕ್ಟಿನೊಮೈಸಿಸ್’, ಅಂದರೆ ಕಿರಣ ಶಿಲೀಂಧ್ರ ಎಂದು ಹೆಸರಿಟ್ಟರು. ಅದು ಶಿಲೀಂಧ್ರವಲ್ಲ, ಬ್ಯಾಕ್ಟೀರಿಯಾ ಎಂಬುದು ಆಮೇಲೆ ತಿಳಿಯಿತು. ಹೆಸರು ಮಾತ್ರ ಹಾಗೆಯೇ ಉಳಿಯಿತು. 1878ರಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯ ಜೇಮ್ಸ್ ಇಸ್ರೇಲ್ ಇದೇ ಬಗೆಯ ರೋಗವನ್ನು ಮನುಷ್ಯರಲ್ಲಿ ವಿವರಿಸಿದರು. ಮನುಷ್ಯರಲ್ಲಿ ಹೆಚ್ಚಾಗಿ ಕಾಣುವ ತಳಿಗೆ ಅವರ ಹೆಸರೇ ಬಂದಿದೆ. ರೋಗಕ್ಕೆ ಆಕ್ಟಿನೊಮೈಕೋಸಿಸ್ ಎನ್ನುತ್ತೇವೆ.

ಇದನ್ನು ಓದಿ ಗೋದಲಿಯ ಕಡೆಗೆ ಹೆದರಿಕೆಯಿಂದ ನೋಡಬೇಡಿ. ದನದ ತಳಿ ಬೇರೆ, ನಮ್ಮದು ಬೇರೆ. ಈ ರೋಗ ದನದಿಂದ ಬರುವುದಿಲ್ಲ. ಒಬ್ಬರಿಂದ ಒಬ್ಬರಿಗೂ ಅಂಟುವುದಿಲ್ಲ. ಈ ಬ್ಯಾಕ್ಟೀರಿಯಾ ನಮ್ಮ ನಿಮ್ಮೆಲ್ಲರ ಬಾಯಿಯಲ್ಲಿ, ಹಲ್ಲಿನ ಸಂದಿಯಲ್ಲಿ, ಕರುಳಿನಲ್ಲಿ, ಹೆಣ್ಣುಮಕ್ಕಳ ಜನನಾಂಗದಲ್ಲಿ ಏನೂ ತೊಂದರೆ ಕೊಡದೆ ಇರುತ್ತದೆ. ಒಳಗಿನ ಪೊರೆ ಎಲ್ಲಾದರೂ ಹರಿದಾಗ ಮಾತ್ರ ಅದು ಆಳಕ್ಕೆ ಇಳಿದು ಬೇರು ಬಿಡುತ್ತದೆ.

ಹೊಟ್ಟೆಯಲ್ಲಿ ಅಂಥ ಅವಕಾಶ ಸಿಗುವುದು ಯಾವಾಗ? ಅಪೆಂಡಿಕ್ಸ್ ಒಡೆದಾಗ, ಕರುಳಿನ ಶಸ್ತ್ರಕ್ರಿಯೆಯಾದಾಗ, ನುಂಗಿದ ಮೀನಿನ ಮುಳ್ಳೋ ಕೋಳಿಯ ಎಲುಬಿನ ಚೂರೋ ಕರುಳನ್ನು ಚುಚ್ಚಿದಾಗ. ಹೆಣ್ಣುಮಕ್ಕಳಲ್ಲಿ ಇನ್ನೊಂದು ಕಾರಣವಿದೆ. ಅದು ಗರ್ಭಕೋಶದಲ್ಲಿ ಬಹಳ ವರ್ಷ ಹಾಗೆಯೇ ಉಳಿದ ಕಾಪರ್-ಟಿ, ನಮ್ಮವರ ಮಾತಿನಲ್ಲಿ ವಂಕಿ. ಹೀಗೆ ಒಳಸೇರಿದ ಸೋಂಕು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬೆಳೆಯುತ್ತದೆ. ಇದರ ವಿಶೇಷವೆಂದರೆ ಇದು ಒಂದು ಅಂಗದ ಗಡಿಗೆ ನಿಲ್ಲುವುದಿಲ್ಲ. ಕರುಳಿನಿಂದ ಹೊಟ್ಟೆಯ ಗೋಡೆಗೆ, ಅಲ್ಲಿಂದ ಮೂತ್ರಕೋಶಕ್ಕೆ ದಾಟುತ್ತಾ ಹೋಗುತ್ತದೆ. ಎಲ್ಲ ಅಂಟಿಕೊಂಡು ಕಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಹೀಗೆ ಗಡಿ ಮೀರಿ ಹಬ್ಬುವುದು ಕ್ಯಾನ್ಸರಿನ ಗುಣವಾದ್ದರಿಂದ ಸಿ.ಟಿ. ಸ್ಕ್ಯಾನಿನಲ್ಲೂ ಕ್ಯಾನ್ಸರಿನಂತೆಯೇ ಕಾಣುತ್ತದೆ. ಈ ರೋಗ ಹೆಚ್ಚಿನವರಲ್ಲಿ ಪತ್ತೆಯಾಗುವುದು ಕ್ಯಾನ್ಸರ್ ಎಂದು ಶಸ್ತ್ರಕ್ರಿಯೆ ಮಾಡಿ, ತೆಗೆದ ಭಾಗವನ್ನು ಪ್ರಯೋಗಾಲಯದಲ್ಲಿ ನೋಡಿದ ಮೇಲೆಯೇ. ಪ್ರಪಂಚದ ದೊಡ್ಡ ಆಸ್ಪತ್ರೆಗಳ ಅನುಭವವೂ ಇದೇ.

ಒಂದು ಸುಳಿವು ಮನೆಯವರ ಕಣ್ಣಿಗೂ ಬೀಳಬಹುದು. ಹೊಟ್ಟೆಯ ಚರ್ಮದಲ್ಲಿ ಅಥವಾ ಹಳೆಯ ಹೊಲಿಗೆಯ ಗುರುತಿನಲ್ಲಿ ತೂತು ಬಿದ್ದು ಕೀವು ಸೋರುತ್ತಿದ್ದರೆ, ಆ ಕೀವಿನಲ್ಲಿ ರವೆಯಂಥ ಹಳದಿ ಕಾಳುಗಳಿವೆಯೇ ನೋಡಿ. ಬಣ್ಣ ಗಂಧಕದಂತಿರುವುದರಿಂದ ವೈದ್ಯರು ಇವನ್ನು ಗಂಧಕದ ಕಾಳು ಎನ್ನುತ್ತಾರೆ. ಆದರೆ ಅವು ಬ್ಯಾಕ್ಟೀರಿಯಾಗಳ ಉಂಡೆಗಳು, ಗಂಧಕವಲ್ಲ. ಬಟ್ಟೆಯಿಂದ ಒರೆಸಿ ಎಸೆಯದೆ ವೈದ್ಯರಿಗೆ ತೋರಿಸಿ.

ಚಿಕಿತ್ಸೆ ಏನು ಗೊತ್ತೆ? ಹಳೆಯ ಪೆನಿಸಿಲಿನ್! ಮೊದಲ ಕೆಲವು ವಾರ ದೊಡ್ಡ ಪ್ರಮಾಣದಲ್ಲಿ ನರಕ್ಕೆ ಇಂಜೆಕ್ಷನ್, ಆಮೇಲೆ ಆರರಿಂದ ಹನ್ನೆರಡು ತಿಂಗಳು ಅಮಾಕ್ಸಿಸಿಲಿನ್‌ನಂಥ ಗುಳಿಗೆ. ಪೆನಿಸಿಲಿನ್ ಒಗ್ಗದವರಿಗೆ ಬೇರೆ ಔಷಧಿಗಳಿವೆ. ಆದರೆ ಹೊಟ್ಟೆನೋವು ಎಂದಾಕ್ಷಣ ಅಂಗಡಿಯಿಂದ ತಂದು ನುಂಗುವ ಮೆಟ್ರೊನಿಡಜೋಲ್ ಗುಳಿಗೆಗೆ ಈ ಬ್ಯಾಕ್ಟೀರಿಯಾ ಜಗ್ಗುವುದಿಲ್ಲ.

ವಂಕಿ ಹಾಕಿಸಿಕೊಂಡ ತಾಯಂದಿರು ಗಾಬರಿಯಾಗಬಾರದು. ಈ ಸೋಂಕು ತೀರಾ ವಿರಳ. ಕಾಪರ್-ಟಿ ಒಳ್ಳೆಯ ಸಾಧನ. ಆದರೆ ಅದಕ್ಕೊಂದು ಅವಧಿ ಇದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹಾಕುವ ಕಾಪರ್-ಟಿ 380-ಎ ಹತ್ತು ವರ್ಷಕ್ಕೆ, 375 ಎಂಬುದು ಐದು ವರ್ಷಕ್ಕೆ. ಹಾಕಿಸಿದ ತಾರೀಖು ಬರೆದಿಟ್ಟುಕೊಳ್ಳಿ. ಮುಟ್ಟು ನಿಂತುಹೋದ ಮೇಲೆ ಅದನ್ನು ಮರೆತು ಒಳಗೇ ಬಿಟ್ಟುಕೊಂಡವರು ಈ ತಿಂಗಳೇ ಹೋಗಿ ತೆಗೆಸಿಕೊಳ್ಳಿ. ಮನೆಯಲ್ಲಿ ವಯಸ್ಸಾದ ತಾಯಿ, ಅತ್ತೆ ಇದ್ದರೆ ಸೊಸೆಯಂದಿರು, ಹೆಣ್ಣುಮಕ್ಕಳು ಸಂಕೋಚಪಡದೆ ಕೇಳಬೇಕು.

ಮೂರನೆಯದು: ಕರಾವಳಿಯ ಮಣ್ಣಿನ ಸೋಂಕು

ನಮ್ಮ ಮುದ್ದೇಬಿಹಾಳ, ಸಿಂದಗಿ, ಇಂಡಿ ಕಡೆಯ ಎಷ್ಟೋ ಕುಟುಂಬಗಳು ಮಳೆ ಕೈಕೊಟ್ಟ ವರ್ಷ ಗೋವಾ, ಉಡುಪಿ, ಮಂಗಳೂರಿಗೆ ದುಡಿಯಲು ಹೋಗುತ್ತವೆ. ಅಲ್ಲಿ ಕಟ್ಟಡದ ಪಾಯ ತೋಡುವುದು, ಮಣ್ಣು ಹೊರುವುದು, ಮಳೆಯ ನೀರಿನಲ್ಲಿ ನಿಂತು ಕೆಲಸ ಮಾಡುವುದು ಇದ್ದೇ ಇರುತ್ತದೆ. ಈ ಕಾರಣಕ್ಕೆ ಮೆಲಿಯಾಯ್ಡೋಸಿಸ್ ಎಂಬ ರೋಗದ ಹೆಸರು ನಮಗೂ ಗೊತ್ತಿರಬೇಕು.

ಇದನ್ನು ಮೊದಲು ಗುರುತಿಸಿದ್ದು 1911ರಲ್ಲಿ ರಂಗೂನಿನಲ್ಲಿ. ಆಲ್ಫ್ರೆಡ್ ವಿಟ್ಮೋರ್ ಎಂಬ ವೈದ್ಯರೂ ಅವರ ಸಹೋದ್ಯೋಗಿ ಸಿ.ಎಸ್. ಕೃಷ್ಣಸ್ವಾಮಿ ಅವರೂ ಕೂಡಿ ಇದನ್ನು ವಿವರಿಸಿದರು. ಇದರ ಬ್ಯಾಕ್ಟೀರಿಯಾ ಒದ್ದೆ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ಬದುಕುತ್ತದೆ. ಚರ್ಮದ ಗಾಯದಿಂದ, ಉಸಿರಿನಿಂದ ಅಥವಾ ನೀರಿನ ಮೂಲಕ ದೇಹ ಸೇರುತ್ತದೆ. ನಮ್ಮ ರಾಜ್ಯದಲ್ಲಿ ಉಡುಪಿ, ದಕ್ಷಿಣ ಕನ್ನಡದ ಕಡೆ ಮಳೆಗಾಲದಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ವೈದ್ಯರು ಇಂಥ ಅನೇಕ ರೋಗಿಗಳನ್ನು ಗುರುತಿಸಿ ದಾಖಲಿಸಿದ್ದಾರೆ. ಸಕ್ಕರೆ ಕಾಯಿಲೆ ಇರುವವರಿಗೂ ಹೆಚ್ಚು ಮದ್ಯಪಾನ ಮಾಡುವವರಿಗೂ ಇದರ ಅಪಾಯ ಜಾಸ್ತಿ.

ಬಹುಮಂದಿಗೆ ಇದು ನ್ಯುಮೋನಿಯದಂತೆ ಬರುತ್ತದೆ. ಕೆಲವರಲ್ಲಿ ಮಾತ್ರ ಪಿತ್ತಜನಕಾಂಗ ಮತ್ತು ಎಡಪಕ್ಕೆಯ ಗುಲ್ಮದಲ್ಲಿ ಸಣ್ಣ ಸಣ್ಣ ಕೀವುಗಡ್ಡೆಗಳಾಗುತ್ತವೆ. ಸ್ಕ್ಯಾನಿನಲ್ಲಿ ಅವು ಬೇರೆಡೆಯ ಕ್ಯಾನ್ಸರ್ ಅಲ್ಲಿಗೆ ಹರಡಿದ ಹಾಗೆ ಕಾಣಬಹುದು, ಇಲ್ಲವೆ ಕ್ಷಯದ ಹಾಗೆ. ಸೋಂಕು ತಗುಲಿ ತಿಂಗಳುಗಳು, ವರ್ಷಗಳು ಕಳೆದ ಮೇಲೂ ರೋಗ ತಲೆ ಎತ್ತಬಹುದು. ಅಷ್ಟರಲ್ಲಿ ರೋಗಿ ಊರಿಗೆ ಮರಳಿರುತ್ತಾನೆ. ಇಲ್ಲಿಯ ವೈದ್ಯರಿಗೆ ಆತ ಕರಾವಳಿಯಲ್ಲಿ ದುಡಿದದ್ದು ಗೊತ್ತಿರುವುದಿಲ್ಲ. ಆದ್ದರಿಂದ ಎಲ್ಲಿ, ಯಾವ ಕೆಲಸಕ್ಕೆ, ಯಾವ ತಿಂಗಳು ಹೋಗಿದ್ದಿರಿ ಎಂಬುದನ್ನು ಅವರು ಕೇಳದಿದ್ದರೂ ನೀವೇ ಹೇಳಿ. ಈ ರೋಗ ರಕ್ತ ಅಥವಾ ಕೀವಿನ ಕಲ್ಚರ್ ಪರೀಕ್ಷೆಯಿಂದ ಪತ್ತೆಯಾಗುತ್ತದೆ. ಹತ್ತು ಹದಿನಾಲ್ಕು ದಿನ ಅಥವಾ ಇನ್ನೂ ಹೆಚ್ಚು ಕಾಲ ನರದ ಇಂಜೆಕ್ಷನ್, ಆಮೇಲೆ ಮೂರರಿಂದ ಆರು ತಿಂಗಳು ಗುಳಿಗೆ ಬೇಕು. ಮಧ್ಯೆ ಬಿಟ್ಟರೆ ಮರುಕಳಿಸುತ್ತದೆ. ತಡವಾದರೆ ಪ್ರಾಣಕ್ಕೇ ಅಪಾಯ.

ಒಂದು ತುಣುಕು, ಎರಡು ಸೀಸೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಗಡ್ಡೆಯಿಂದ ಸಣ್ಣ ತುಣುಕು ತೆಗೆದು ಪರೀಕ್ಷಿಸುವುದಕ್ಕೆ ಬಯಾಪ್ಸಿ ಎನ್ನುತ್ತಾರೆ. ಸ್ಕ್ಯಾನಿನಲ್ಲಿ ನೋಡುತ್ತಲೇ ಸೂಜಿ ಹಾಕಿ ತೆಗೆಯಬಹುದು. ಕರುಳಿನೊಳಗಿನ ಗಡ್ಡೆಯಾದರೆ ಗುದದ್ವಾರದಿಂದ ದುರ್ಬೀನಿನ ನಳಿಕೆ ಹಾಕಿ, ಅಂದರೆ ಕೊಲೊನೊಸ್ಕೋಪಿ ಮಾಡಿ ತೆಗೆಯಬಹುದು. ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ಲ್ಯಾಪರೊಸ್ಕೋಪಿಯಿಂದಲೂ ತೆಗೆಯಬಹುದು.

ತೆಗೆದ ತುಣುಕನ್ನು ಸಾಮಾನ್ಯವಾಗಿ ಫಾರ್ಮಲಿನ್ ಎಂಬ ದ್ರವದಲ್ಲಿ ಹಾಕುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಕ್ಯಾನ್ಸರ್ ಕಣಗಳನ್ನು ನೋಡಲು ಅದು ಸರಿ. ಆದರೆ ಫಾರ್ಮಲಿನ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಅದರಲ್ಲಿ ಅದ್ದಿದ ತುಣುಕಿನಿಂದ ರೋಗಾಣುಗಳನ್ನು ಬೆಳೆಸಿ ನೋಡಲಾಗದು. ಆದ್ದರಿಂದ ಸೋಂಕಿನ ಸಂಶಯವಿದ್ದಾಗ ತುಣುಕನ್ನು ಎರಡು ಭಾಗ ಮಾಡುತ್ತಾರೆ. ಒಂದನ್ನು ಫಾರ್ಮಲಿನ್ ಸೀಸೆಯಲ್ಲಿ, ಇನ್ನೊಂದನ್ನು ಶುದ್ಧ ಸಲೈನ್ ಇರುವ ಸೀಸೆಯಲ್ಲಿ ಕಳಿಸುತ್ತಾರೆ. ನಮ್ಮ ಕಡೆ ಎಷ್ಟೋ ಸಲ ಈ ಸೀಸೆಯನ್ನು ಪ್ರಯೋಗಾಲಯಕ್ಕೆ ಹೊತ್ತೊಯ್ಯುವವರು ಮನೆಯವರೇ. ಹಾಗಾಗಿ ಶಸ್ತ್ರಕ್ರಿಯೆಗೆ ಒಪ್ಪಿಗೆ ಹಾಕುವ ಮುನ್ನ ನೀವು ವಿನಯದಿಂದ ಮೂರು ಮಾತು ಕೇಳಬಹುದು:

1. ‘ಡಾಕ್ಟರೇ, ಇದು ಸೋಂಕು ಇರಬಹುದೇ?’

2. ‘ಶಸ್ತ್ರಕ್ರಿಯೆಗೆ ಮೊದಲು ತುಣುಕು ತೆಗೆದು ನೋಡಲು ಆಗುತ್ತದೆಯೇ?’

3. ‘ತುಣುಕನ್ನು ಕಲ್ಚರ್ ಮತ್ತು ಟಿ.ಬಿ. ಪರೀಕ್ಷೆಗೂ ಕಳಿಸುತ್ತೀರಾ?’

ಇದರಲ್ಲಿ ಅಧಿಕಪ್ರಸಂಗವೇನೂ ಇಲ್ಲ. ಇಂಥ ಪ್ರಶ್ನೆಯನ್ನು ಒಳ್ಳೆಯ ವೈದ್ಯರು ಸ್ವಾಗತಿಸುತ್ತಾರೆ. ಕಲ್ಚರ್ ಫಲಿತಾಂಶಕ್ಕೆ ಕಾಯುವ ತಾಳ್ಮೆಯೂ ಬೇಕು. ಆಕ್ಟಿನೊಮೈಸಿಸ್ ಬೆಳೆಯಲು ಎರಡು ವಾರ ಅಥವಾ ಹೆಚ್ಚು, ಕ್ಷಯದ ರೋಗಾಣು ಬೆಳೆಯಲು ಆರೇಳು ವಾರವೂ ಬೇಕಾಗಬಹುದು. ಕ್ಷಯಕ್ಕೆ ಕೆಲವೇ ಗಂಟೆಗಳಲ್ಲಿ ಫಲಿತಾಂಶ ಕೊಡುವ ಸಿಬಿನ್ಯಾಟ್, ಟ್ರೂನ್ಯಾಟ್ ಪರೀಕ್ಷೆಗಳಿವೆ. ಟ್ರೂನ್ಯಾಟ್ ನಮ್ಮ ದೇಶದಲ್ಲೇ ತಯಾರಾದದ್ದು. ಆದರೆ ಹೊಟ್ಟೆಯ ಕ್ಷಯದಲ್ಲಿ ರೋಗಾಣುಗಳ ಸಂಖ್ಯೆ ಕಡಿಮೆ ಇರುವುದರಿಂದ ಈ ಪರೀಕ್ಷೆಗಳಲ್ಲಿ ‘ಇಲ್ಲ’ ಎಂದು ಬಂದರೂ ರೋಗ ಇರಬಹುದು. ವೈದ್ಯರು ಎಲ್ಲ ಪರೀಕ್ಷೆಗಳನ್ನೂ ಒಟ್ಟಿಗೆ ಇಟ್ಟು ತೂಗಿ ನೋಡುತ್ತಾರೆ.

ಇನ್ನೊಂದು ಎಚ್ಚರಿಕೆ. ಪರೀಕ್ಷೆಗೆ ಮೊದಲೇ ಸಿಕ್ಕಸಿಕ್ಕ ಆಂಟಿಬಯೋಟಿಕ್ ಗುಳಿಗೆ ನುಂಗಿದ್ದರೆ ಕಲ್ಚರ್‌ನಲ್ಲಿ ಏನೂ ಬೆಳೆಯದಿರಬಹುದು. ನಾಲ್ಕು ದಿನ ಗುಳಿಗೆ ನುಂಗಿ ಜ್ವರ ಬಿಟ್ಟಿತೆಂದು ನಿಲ್ಲಿಸುವುದರಿಂದ ರೋಗ ವಾಸಿಯಾಗುವುದಿಲ್ಲ, ಅದರ ಗುರುತು ಮಾತ್ರ ಅಳಿಸಿಹೋಗುತ್ತದೆ. ಯಾವ ಔಷಧಿ ತೆಗೆದುಕೊಂಡಿದ್ದೀರಿ ಎಂಬುದಕ್ಕೆ ಗುಳಿಗೆಯ ಖಾಲಿ ಹಾಳೆಯನ್ನಾದರೂ ಜೊತೆಗೆ ಒಯ್ಯಿರಿ.

ತಿರುವುಮುರುವು ತಪ್ಪೂ ಬೇಡ

ಈ ಲೇಖನ ಓದಿ, ‘ನಮ್ಮ ಅವ್ವನ ಗಡ್ಡೆಯೂ ಕ್ಯಾನ್ಸರ್ ಅಲ್ಲ, ಬರೀ ಸೋಂಕು’ ಎಂದು ಆಸ್ಪತ್ರೆಗೆ ಹೋಗದೆ ಕೂತರೆ ಅದು ಇನ್ನೂ ದೊಡ್ಡ ಅನಾಹುತ. ಹೊಟ್ಟೆಯ ಗಡ್ಡೆಗಳಲ್ಲಿ ಕ್ಯಾನ್ಸರ್ ಇದ್ದೇ ಇದೆ. ಬೇಗ ಗೊತ್ತಾದರೆ ಅದರಲ್ಲೂ ಅನೇಕವು ವಾಸಿಯಾಗುತ್ತವೆ. ಪರೀಕ್ಷೆ ಮಾಡದೆ ಕ್ಯಾನ್ಸರ್ ಎನ್ನುವುದು ಹೇಗೆ ತಪ್ಪೋ ಪರೀಕ್ಷೆ ಮಾಡದೆ ಟಿ.ಬಿ. ಗುಳಿಗೆ ಶುರು ಮಾಡಿ, ‘ಎರಡು ತಿಂಗಳು ನೋಡೋಣ’ ಎನ್ನುವುದೂ ಹಾಗೆಯೇ ತಪ್ಪಾಗಬಹುದು. ಆ ಎರಡು ತಿಂಗಳಲ್ಲಿ ಕ್ಯಾನ್ಸರ್ ಬೆಳೆದಿರುತ್ತದೆ. ಕೆಲವೊಮ್ಮೆ ತುಣುಕು ಸಿಗದೆ ಹೋದಾಗ ವೈದ್ಯರು ಲಕ್ಷಣಗಳ ಆಧಾರದ ಮೇಲೆ ಚಿಕಿತ್ಸೆ ಆರಂಭಿಸಬೇಕಾಗುವುದುಂಟು. ಆಗ ಅವರು ಹೇಳಿದ ದಿನ ತಪ್ಪದೆ ಹೋಗಿ ತೂಕ, ಜ್ವರ, ಗಡ್ಡೆಯ ಗಾತ್ರ ತೋರಿಸಬೇಕು. ಗುಣ ಕಾಣದಿದ್ದರೆ ಮತ್ತೆ ಪರೀಕ್ಷೆ ಮಾಡಲೇಬೇಕು.

ಚಿಕಿತ್ಸೆಯ ಕೊನೆಯ ತಿಂಗಳು

ಹೊಟ್ಟೆಯ ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆ. ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಮುಂದಿನ ನಾಲ್ಕು ತಿಂಗಳು ಮೂರು ಔಷಧಿ. ತಾಲ್ಲೂಕು ಆಸ್ಪತ್ರೆಯಿಂದ ಹಿಡಿದು ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೆ ಇವು ಉಚಿತವಾಗಿ ಸಿಗುತ್ತವೆ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಪೌಷ್ಟಿಕ ಆಹಾರಕ್ಕಾಗಿ ರೋಗಿಯ ಬ್ಯಾಂಕ್ ಖಾತೆಗೆ 2018ರ ಏಪ್ರಿಲ್‌ನಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು. 2024ರ ನವೆಂಬರ್‌ನಿಂದ ಅದನ್ನು 1000 ರೂಪಾಯಿಗೆ ಏರಿಸಲಾಗಿದೆ. ಖಾಸಗಿ ವೈದ್ಯರ ಬಳಿ ಚಿಕಿತ್ಸೆ ಪಡೆಯುವವರೂ ಹೆಸರು ನೋಂದಾಯಿಸಿದರೆ ಇದಕ್ಕೆ ಅರ್ಹರು. ಹಣ ಬಂತೆಂದು ಬೇರೆ ಖರ್ಚಿಗೆ ಬಳಸದೆ ರೋಗಿಗೆ ಶೇಂಗಾ, ಬೇಳೆ, ಮೊಳಕೆ ಕಾಳು, ಮೊಟ್ಟೆ, ಕಾಯಿಸಿದ ಹಾಲು ಕೊಡಿ.

ಗುಳಿಗೆ ಶುರುವಾದ ಮೇಲೆ ಮೂತ್ರ ಕೆಂಪು-ಕೇಸರಿ ಬಣ್ಣಕ್ಕೆ ತಿರುಗುತ್ತದೆ. ಅದು ಔಷಧಿಯ ಬಣ್ಣ, ರಕ್ತವಲ್ಲ. ಆದರೆ ಕಣ್ಣು ಹಳದಿಯಾದರೆ, ನಿಲ್ಲದ ವಾಂತಿಯಾದರೆ, ದೃಷ್ಟಿ ಮಸುಕಾದರೆ ಅಂದೇ ವೈದ್ಯರನ್ನು ಕಾಣಬೇಕು. ಗರ್ಭನಿರೋಧಕ ಗುಳಿಗೆ ನುಂಗುವ ಹೆಣ್ಣುಮಕ್ಕಳು ಅದನ್ನು ವೈದ್ಯರಿಗೆ ತಿಳಿಸಬೇಕು, ಕ್ಷಯದ ಔಷಧಿ ಅದರ ಬಲವನ್ನು ಕುಂದಿಸುತ್ತದೆ.

ನಿಜವಾದ ಪರೀಕ್ಷೆ ಬರುವುದು ಎರಡು ಮೂರು ತಿಂಗಳಾದ ಮೇಲೆ. ಆ ಹೊತ್ತಿಗೆ ಜ್ವರ ಹೋಗಿರುತ್ತದೆ, ರೊಟ್ಟಿ ಸೇರುತ್ತದೆ, ತೂಕ ಏರಿರುತ್ತದೆ. ‘ಆರಾಮ ಆತಲ್ಲ, ಇನ್ನ್ಯಾಕ ಗುಳಿಗಿ?’ ಎಂದು ನಿಲ್ಲಿಸುವವರಿದ್ದಾರೆ. ಸುಗ್ಗಿ ಬಂದಾಗ, ದುಡಿಯಲು ಊರು ಬಿಡುವಾಗ ಗುಳಿಗೆ ತಪ್ಪುತ್ತದೆ. ಅರ್ಧಕ್ಕೆ ಬಿಟ್ಟ ಕ್ಷಯ ಮರಳಿ ಬರುವಾಗ ಔಷಧಿಗೆ ಬಗ್ಗದ ರೂಪದಲ್ಲಿ ಬರಬಹುದು. ಬೇರೆ ಊರಿಗೆ ಹೋಗುವವರು ಆಸ್ಪತ್ರೆಯವರಿಗೆ ಮೊದಲೇ ತಿಳಿಸಿದರೆ ಅಲ್ಲಿಯೇ ಔಷಧಿ ಸಿಗುವಂತೆ ವರ್ಗಾಯಿಸುತ್ತಾರೆ. 1800-11-6666 ಎಂಬ ಉಚಿತ ಸಹಾಯವಾಣಿಯೂ ಇದೆ.

ಯಾವಾಗ ತಡಮಾಡಬಾರದು?

ಕೆಳಗಿನ ಯಾವುದೇ ಲಕ್ಷಣ ಕಂಡರೆ ಬೆಳಗಾಗಲಿ ಎಂದು ಕಾಯದೆ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಹೋಗಬೇಕು:

1. ಹೊಟ್ಟೆ ಉಬ್ಬಿ, ವಾಂತಿಯಾಗುತ್ತಾ, ಮಲವೂ ಗಾಳಿಯೂ ಹೋಗದೆ ನಿಂತರೆ. ಕರುಳು ಕಟ್ಟಿರಬಹುದು.

2. ಹೊಟ್ಟೆ ಹಲಗೆಯಂತೆ ಬಿಗಿದು ಮುಟ್ಟಿಸಿಕೊಡದಷ್ಟು ನೋವಾದರೆ.

3. ಮಲದಲ್ಲಿ ರಕ್ತ ಹೋದರೆ ಅಥವಾ ಮಲ ಡಾಂಬರಿನಂತೆ ಕಪ್ಪಾದರೆ.

4. ಸಕ್ಕರೆ ಕಾಯಿಲೆ ಇದ್ದವರಿಗೆ ಚಳಿಜ್ವರದೊಡನೆ ಪಕ್ಕೆನೋವು ಬಂದು, ಏದುಸಿರು ಅಥವಾ ಮಂಪರು ಕಂಡರೆ.

ತುರ್ತಿಲ್ಲದಿದ್ದರೂ ಎರಡು ವಾರ ಮೀರಿದ ಜ್ವರ, ಕಾರಣವಿಲ್ಲದೆ ಇಳಿಯುವ ತೂಕ, ಹೊಟ್ಟೆಯಲ್ಲಿ ಕೈಗೆ ಸಿಗುವ ಗಡ್ಡೆ ಇವುಗಳಲ್ಲಿ ಒಂದಿದ್ದರೂ ತಾಲ್ಲೂಕು ಆಸ್ಪತ್ರೆಗೆ ಹೋಗಿ. ನಮ್ಮಂಥ ಎಂ.ಬಿ.ಬಿ.ಎಸ್. ವೈದ್ಯರು ಹೊಟ್ಟೆ ಮುಟ್ಟಿ ನೋಡಿ, ರಕ್ತ, ಸಕ್ಕರೆ, ಎಚ್‌ಐವಿ, ಕಫ, ಎಕ್ಸ್‌ರೇ, ಸ್ಕ್ಯಾನಿಂಗ್ ಪರೀಕ್ಷೆ ಮಾಡಿಸಿ ಮುಂದಕ್ಕೆ ಕಳಿಸುತ್ತೇವೆ. ಬಯಾಪ್ಸಿಗೆ ದೂರದ ಊರೇ ಆಗಬೇಕೆಂದಿಲ್ಲ, ವಿಜಯಪುರದಲ್ಲಿಯೇ ವೈದ್ಯಕೀಯ ಕಾಲೇಜುಗಳಿವೆ. ಹಳೆಯ ಚೀಟಿ, ಫಿಲಂ, ವರದಿಗಳನ್ನೆಲ್ಲ ಒಂದು ಚೀಲದಲ್ಲಿ ತಾರೀಖಿನ ಪ್ರಕಾರ ಜೋಡಿಸಿಕೊಂಡು ಹೋದರೆ ಅರ್ಧ ಕೆಲಸ ಮುಗಿದಂತೆ.

ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಗಡ್ಡೆಗೆ ಸೂಜಿ ತಾಗಿಸಿದರೆ ಅದು ಮೈಯೆಲ್ಲ ಹಬ್ಬುತ್ತದೆ ಎನ್ನುತ್ತಾರೆ. ನಿಜವೇ?

ಬಹುಪಾಲು ಗಡ್ಡೆಗಳಲ್ಲಿ ಆ ಅಪಾಯ ತೀರಾ ಕಡಿಮೆ. ಆ ಹೆದರಿಕೆಯಿಂದ ಪರೀಕ್ಷೆ ಮಾಡಿಸದಿರುವುದರಿಂದಲೇ ಹೆಚ್ಚು ಹಾನಿ. ಆದರೆ ಕೆಲವು ಗಡ್ಡೆಗಳಿಗೆ ಸೂಜಿ ಹಾಕುವುದನ್ನು ವೈದ್ಯರೇ ತಪ್ಪಿಸುತ್ತಾರೆ. ಅಂಡಾಶಯದೊಳಗೇ ಇರುವ ಗಡ್ಡೆ, ನಾಯಿ-ಕುರಿಗಳ ಒಡನಾಟದಲ್ಲಿ ಬರುವ ಹೈಡಾಟಿಡ್ ಎಂಬ ನೀರುಗಡ್ಡೆ ಇವು ಅಂಥವು. ಅದಕ್ಕೇ ಮೊದಲು ಸ್ಕ್ಯಾನ್, ಆಮೇಲೆ ಸೂಜಿ.

ಹೊಟ್ಟೆಯ ಕ್ಷಯ ಮನೆಯವರಿಗೆ ಅಂಟುತ್ತದೆಯೇ?

ಹೊಟ್ಟೆಯಲ್ಲಿ ಮಾತ್ರ ಇದ್ದರೆ ಅಂಟುವುದಿಲ್ಲ. ತಟ್ಟೆ, ಲೋಟ ಬೇರೆ ಇಡಬೇಕಾಗಿಲ್ಲ. ಆದರೆ ಜೊತೆಗೆ ಶ್ವಾಸಕೋಶದಲ್ಲೂ ಇದೆಯೇ ಎಂದು ನೋಡಬೇಕು. ಮನೆಯಲ್ಲಿ ಬೇರೆ ಯಾರಿಗಾದರೂ ಬಹುದಿನದ ಕೆಮ್ಮಿದ್ದರೆ ಅವರ ಕಫವನ್ನೂ ಪರೀಕ್ಷೆ ಮಾಡಿಸಿ.

ಸೋಂಕಿನ ಗಡ್ಡೆಗೆ ಶಸ್ತ್ರಕ್ರಿಯೆ ಬೇಡವೇ ಬೇಡವೇ?

ಬಹಳ ಮಂದಿಗೆ ಬೇಡ. ಆದರೆ ಕರುಳು ಕಟ್ಟಿದರೆ, ತೂತು ಬಿದ್ದರೆ, ದೊಡ್ಡ ಕೀವುಗಡ್ಡೆ ಇದ್ದರೆ ಬೇಕಾಗುತ್ತದೆ. ಕ್ಷಯ ವಾಸಿಯಾದ ಮೇಲೂ ಗಾಯ ಮಾದ ಜಾಗದಲ್ಲಿ ಕರುಳು ಕಿರಿದಾಗಿ ತೊಂದರೆ ಕೊಡಬಹುದು.

ರೋಗಿಗೆ ವಿಷಯ ಹೇಳಬಹುದೇ?

ಹೇಳಬೇಕು. ‘ಅವ್ವನಿಗೆ ಹೇಳಬ್ಯಾಡ್ರಿ’ ಎಂದು ಮಕ್ಕಳು ಬಾಗಿಲ ಆಚೆ ನಿಂತು ಪಿಸುಗುಟ್ಟಿದರೂ ಅವ್ವ ಅದನ್ನು ಮುಖ ನೋಡಿಯೇ ತಿಳಿಯುತ್ತಾಳೆ. ಇನ್ನೂ ಪರೀಕ್ಷೆ ಆಗಬೇಕು, ಹೆಸರು ಗೊತ್ತಾದ ಮೇಲೆ ಔಷಧಿ ಎಂದು ಇದ್ದದ್ದನ್ನು ಇದ್ದಂತೆ ಹೇಳಿ. ಆರು ತಿಂಗಳು ಗುಳಿಗೆ ನುಂಗಬೇಕಾದವಳು ಅವಳೇ. ಯಾಕೆ ನುಂಗುತ್ತಿದ್ದೇನೆ ಎಂಬುದು ಅವಳಿಗೆ ಗೊತ್ತಿರಬೇಕು.

ಒಟ್ಟಿನಲ್ಲಿ ಹೇಳುವುದಾದರೆ, ಸ್ಕ್ಯಾನಿಂಗ್ ವರದಿಯಲ್ಲಿ ‘ಗಡ್ಡೆ’ ಎಂಬ ಪದ ಕಂಡ ದಿನ ರೋಗಿಯ ಪಾಲಿಗೆ ಕೊನೆಯ ದಿನವಲ್ಲ, ತಪಾಸಣೆಯ ಮೊದಲ ದಿನ. ಹೊಲ ಮಾರುವ ಮುನ್ನ, ಪಡಸಾಲೆಯಲ್ಲಿ ಹಾಸಿಗೆ ಹಾಸುವ ಮುನ್ನ, ಆ ಗಡ್ಡೆಯ ಒಂದು ತುಣುಕು ಏನು ಹೇಳುತ್ತದೆ ಎಂದು ಕೇಳಿ. ಅದು ಕ್ಯಾನ್ಸರ್ ಎಂದರೆ ಅದಕ್ಕೆ ತಕ್ಕ ಚಿಕಿತ್ಸೆ ಬೇಗ ಆರಂಭವಾಗಲಿ. ಸೋಂಕು ಎಂದರೆ ಕೊನೆಯ ಗುಳಿಗೆಯವರೆಗೂ ಚಿಕಿತ್ಸೆ ನಡೆಯಲಿ.